ಸಾಮಾಜಿಕ ನ್ಯಾಯದ ಹಣ ಊರು ತಲುಪುವ ದಾರಿ

ಸಾಮಾಜಿಕ ನ್ಯಾಯಕ್ಕಾಗಿ ಅನುದಾನ ಕೊಡುವ ಪ್ರತಿಷ್ಠಾನಗಳಲ್ಲಿ ಕಾರ್ಯಾಚರಣೆ ಮುಖ್ಯಸ್ಥರ ಹುದ್ದೆ ಒಂದಿರುತ್ತದೆ. ಕೆಲವೆಡೆ ಅದಕ್ಕೆ ಚೀಫ್ ಆಪರೇಟಿಂಗ್ ಆಫೀಸರ್ ಎಂಬ ಹೆಸರು, ಕೆಲವೆಡೆ ಡೈರೆಕ್ಟರ್. ಕಚೇರಿಯ ಆಡುಮಾತಿನಲ್ಲಿ ಎಲ್ಲರಿಗೂ ‘ಆಪರೇಷನ್ಸ್ ಹೆಡ್’. ಯಾವ ಸಂಘಟನೆಗೆ, ಯಾವ ಕೆಲಸಕ್ಕೆ ಹಣ ಕೊಡಬೇಕು ಎಂದು ತೀರ್ಮಾನಿಸುವವರು ಕಾರ್ಯಕ್ರಮ ವಿಭಾಗದವರು ಮತ್ತು ಟ್ರಸ್ಟಿಗಳು. ತೀರ್ಮಾನವಾದ ಹಣ ಕಾನೂನಿಗೆ ಸರಿಯಾಗಿ, ಹೇಳಿದ ದಿನಕ್ಕೆ, ಪಡೆದವರಿಗೆ ಉಪಯೋಗವಾಗುವ ರೀತಿಯಲ್ಲಿ ತಲುಪುವಂತೆ ನೋಡಿಕೊಳ್ಳುವ ಹೊಣೆ ಈ ಹುದ್ದೆಯವರದು. ಹಣಕಾಸು, ಲೆಕ್ಕಪತ್ರ, ಅನುದಾನದ ಒಪ್ಪಂದ, ಸಿಬ್ಬಂದಿ, ಕಾನೂನು, ಕಂಪ್ಯೂಟರ್ ವ್ಯವಸ್ಥೆ, ಟ್ರಸ್ಟಿಗಳ ಸಭೆಯ ಕಡತ, ಇವೆಲ್ಲ ಅವರ ಸುಪರ್ದಿಗೆ ಬರುತ್ತವೆ.

ದಾನ ಮಾಡುವ ಸಂಸ್ಥೆಗೂ ಸಾಮಾಜಿಕ ನ್ಯಾಯದ ಪ್ರತಿಷ್ಠಾನಕ್ಕೂ ಒಂದು ವ್ಯತ್ಯಾಸವಿದೆ. ದಾವಣಗೆರೆ ಸೀಮೆಯನ್ನೇ ನೋಡಿ, ಇಲ್ಲಿಗೆ ದಾನ ಹೊಸದಲ್ಲ. ವರ್ತಕರು ಕಟ್ಟಿಸಿದ ಛತ್ರಗಳು, ಮಠಗಳು ನಡೆಸುವ ಉಚಿತ ವಿದ್ಯಾರ್ಥಿ ನಿಲಯಗಳು ಇಲ್ಲಿನ ಎಷ್ಟೋ ತಲೆಮಾರುಗಳಿಗೆ ಅನ್ನ ಮತ್ತು ಅಕ್ಷರ ಕೊಟ್ಟಿವೆ. ಸಾಮಾಜಿಕ ನ್ಯಾಯದ ಅನುದಾನ ಹೋಗುವುದು ಬೇರೊಂದು ಕೆಲಸಕ್ಕೆ. ಬಗರ್ ಹುಕುಂ ಸಾಗುವಳಿದಾರರ ಅರ್ಜಿ ಬರೆದುಕೊಡುವವರಿಗೆ, ತಾಂಡಾ ಮತ್ತು ಹಟ್ಟಿಗಳನ್ನು ಕಂದಾಯ ಗ್ರಾಮವಾಗಿಸಿ ಮನೆ ಹಕ್ಕುಪತ್ರ ಕೊಡಿಸಲು ಓಡಾಡುವವರಿಗೆ, ಉದ್ಯೋಗ ಖಾತರಿಯ ಬಾಕಿ ಕೂಲಿ ಕೇಳುವ ಸಂಘಗಳಿಗೆ, ಹೊಡೆತ ತಿಂದು ಮನೆ ಬಿಟ್ಟ ಹೆಣ್ಣುಮಕ್ಕಳ ಪರವಾಗಿ ಕೋರ್ಟಿಗೆ ಹೋಗುವವರಿಗೆ ಆ ಹಣ ಸಲ್ಲುತ್ತದೆ. ಹಕ್ಕನ್ನು ಹಣ ತಂದುಕೊಡುವುದಿಲ್ಲ, ಜನ ಸಂಘಟಿತರಾಗಿ ಕೇಳಿದಾಗ ಅದು ಬರುತ್ತದೆ. ಕರ್ನಾಟಕದ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಹರಿಹರದಲ್ಲಿ. 1970ರ ದಶಕದಲ್ಲಿ ಅವರು ಮತ್ತು ಸಂಗಾತಿಗಳು ಯಾವ ಪ್ರತಿಷ್ಠಾನದ ಅನುದಾನಕ್ಕೂ ಕಾಯದೆ ಹಳ್ಳಿ ಹಳ್ಳಿ ತಿರುಗಿದರು. ಪ್ರತಿಷ್ಠಾನ ಮಾಡಬಹುದಾದದ್ದು ಇಷ್ಟು: ಹಾಗೆ ತಿರುಗುವವರ ಬಸ್ ಚಾರ್ಜು, ಊಟ, ಕಚೇರಿ ಬಾಡಿಗೆ, ತಿಂಗಳ ಸಂಬಳ ನಿಲ್ಲದಂತೆ ನೋಡಿಕೊಳ್ಳುವುದು. ಈ ಸಣ್ಣ ಸಣ್ಣ ಬಾಬತ್ತುಗಳು ಸೇರಿದ್ದೇ ಕಾರ್ಯಾಚರಣೆ ಮುಖ್ಯಸ್ಥರ ಕೆಲಸ.

ಭಾರತದಲ್ಲಿ ಇಂಥ ಅನುದಾನಕ್ಕೆ ಏಳು ದಶಕಗಳ ಇತಿಹಾಸವಿದೆ. ಅಮೆರಿಕದ ಫೋರ್ಡ್ ಪ್ರತಿಷ್ಠಾನ 1952ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ಬಹಳ ಕಾಲ ದೊಡ್ಡ ಮೊತ್ತವೆಂದರೆ ಹೊರದೇಶದ್ದು ಅಥವಾ ಟಾಟಾ ಟ್ರಸ್ಟುಗಳದ್ದು ಎಂಬ ಸ್ಥಿತಿ ಇತ್ತು. ಕರ್ನಾಟಕದಲ್ಲಿ ಚಿತ್ರ ಬದಲಾದದ್ದು ಮಾಹಿತಿ ತಂತ್ರಜ್ಞಾನದ ಸಂಪತ್ತು ಬಂದ ಮೇಲೆ. ರೋಹಿಣಿ ನಿಲೇಕಣಿ ಅವರು 2001ರಲ್ಲಿ ಸ್ಥಾಪಿಸಿದ ಅರ್ಘ್ಯಂ 2005ರಿಂದ ನೀರು ಮತ್ತು ನೈರ್ಮಲ್ಯಕ್ಕೆ ಅನುದಾನ ಕೊಡತೊಡಗಿತು. 2001ರಲ್ಲೇ ಕೆಲಸ ಆರಂಭಿಸಿದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೊದಲು ಸರ್ಕಾರಿ ಶಾಲೆಗಳಲ್ಲಿ ತಾನೇ ದುಡಿಯಿತು. 2014ರಿಂದ ಬೇರೆ ಸಂಸ್ಥೆಗಳಿಗೆ ಅನುದಾನ ಕೊಡುವ ವಿಭಾಗವನ್ನೂ ಕಟ್ಟಿತು. ಬೀದಿ ಮಕ್ಕಳು, ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕಿದ ಮಹಿಳೆಯರು, ಅಂಗವಿಕಲರು, ಸ್ಥಳೀಯ ಆಡಳಿತ, ಪೌಷ್ಟಿಕತೆ ಅದರ ಕ್ಷೇತ್ರಗಳು. 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿ ವಿಪ್ರೊದಲ್ಲಿನ ತಮ್ಮ ಪಾಲಿನ ಇನ್ನಷ್ಟು ಲಾಭವನ್ನು ಬಿಟ್ಟುಕೊಟ್ಟಾಗ ಪ್ರತಿಷ್ಠಾನದ ಮೂಲನಿಧಿಯ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಇಷ್ಟು ಹಣವಿರುವ ಕಡೆ ಕೊಡುವ ಮನಸ್ಸಿಗೆ ಬರವಿಲ್ಲ. ಕೊಡುವುದನ್ನು ಸರಿಯಾಗಿ ಕೊಡುವ ಆಡಳಿತ ಕಟ್ಟುವುದೇ ಕಷ್ಟದ ಕೆಲಸ.

ಆ ಕಷ್ಟ ಏನೆಂದು ತಿಳಿಯಲು ಬೆಂಗಳೂರಿನ ಕಚೇರಿಗಿಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ನೋಡುವುದು ಒಳ್ಳೆಯದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹೆಸರಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಇದ್ದವು. ಒಂದೇ ಜಿಲ್ಲೆಯಾದರೂ ಊರಿಂದೂರಿಗೆ ಸಂಕಟ ಬೇರೆ. ಚನ್ನಗಿರಿಯಲ್ಲಿ ಶಾಂತಿಸಾಗರ ಎಂದು ಕರೆಯುವ ಸೂಳೆಕೆರೆ ಇದೆ, ಅಡಿಕೆ ತೋಟಗಳಿವೆ. ತೋಟ ಇದ್ದವರ ಪಕ್ಕದಲ್ಲೇ ಅಡಿಕೆ ಸುಲಿಯುವ ಕೂಲಿಯವರೂ ಇದ್ದಾರೆ. ಹೊನ್ನಾಳಿಗೆ ತುಂಗಭದ್ರೆ ಹತ್ತಿರ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಿನ ತಾಂಡಾಗಳ ಎಷ್ಟೋ ಕುಟುಂಬಗಳು ಸುಗ್ಗಿಯ ತಿಂಗಳುಗಳಲ್ಲಿ ಕಬ್ಬು ಕಡಿಯಲು, ಕಾಫಿ ಕೊಯ್ಯಲು ಮನೆಗೆ ಬೀಗ ಹಾಕಿ ಹೋಗುತ್ತವೆ. ಜಗಳೂರು ಬರದ ನಾಡು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ. ತುಂಗಭದ್ರೆಯ ನೀರನ್ನು ಮೇಲೆತ್ತಿ ಅಲ್ಲಿನ 57 ಕೆರೆ ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ದನಿ ಎತ್ತಬೇಕಾಯಿತು. ವಿಧಾನಸಭೆಗೆ ಜಗಳೂರು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ.

ಈ ನೆಲದಲ್ಲಿ ಒಂದು ಅನುದಾನ ಹೇಗೆ ಸಾಗುತ್ತದೆ? ನ್ಯಾಮತಿ ಭಾಗದ ತಾಂಡಾಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಮಹಿಳಾ ಸಂಘ ಎಂದು ಊಹಿಸಿಕೊಳ್ಳೋಣ. ವಲಸೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಶಾಲೆಗೆ ಹೋಗುವಂತೆ ನಾಲ್ಕೈದು ತಿಂಗಳು ಊಟ, ವಸತಿ ಏರ್ಪಡಿಸುವುದು ಅದರ ಉದ್ದೇಶ. ಅರ್ಜಿ ಹಾಕಿದ ಕೂಡಲೇ ಪ್ರತಿಷ್ಠಾನ ಕೇಳುವ ಕಾಗದಗಳ ಪಟ್ಟಿ ಬರುತ್ತದೆ. ಸಂಘದ ನೋಂದಣಿ ಪತ್ರ, ಪ್ಯಾನ್, 12ಎ ಮತ್ತು 80ಜಿ ಎಂದೇ ಹೆಸರಾದ ತೆರಿಗೆ ನೋಂದಣಿಗಳು, ಮೂರು ವರ್ಷದ ಆಡಿಟ್ ವರದಿ, ಪದಾಧಿಕಾರಿಗಳ ವಿವರ, ಬ್ಯಾಂಕಿನ ರದ್ದು ಮಾಡಿದ ಚೆಕ್ಕು. ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವಾದರೆ ಸಿಎಸ್‌ಆರ್-1 ನೋಂದಣಿಯೂ ಬೇಕು. ಇಂಥ ಲೆಕ್ಕ ನೋಡುವ ಆಡಿಟರು ಸಿಗುವುದು ದಾವಣಗೆರೆಯಲ್ಲಿ, ಇಲ್ಲವೇ ಶಿವಮೊಗ್ಗದಲ್ಲಿ. ಸಂಘದ ಕಾರ್ಯದರ್ಶಿ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು, ಆಡಿಟರಿಗೆ ಫೀಸು ಕಟ್ಟಬೇಕು. ಆ ಫೀಸಿಗೆ ಯಾರ ಬಜೆಟ್ಟಿನಲ್ಲೂ ಜಾಗವಿರುವುದಿಲ್ಲ.

ಅನುಭವವಿರುವ ಕಾರ್ಯಾಚರಣೆ ಮುಖ್ಯಸ್ಥರು ಮೊದಲು ಗಮನಿಸುವುದು ಇದನ್ನೇ. ಪಟ್ಟಿಯಲ್ಲಿ ಕಾನೂನು ಕೇಳುವ ಕಾಗದ ಯಾವುದು, ಕಚೇರಿಯ ರೂಢಿಯಿಂದ ಸೇರಿಕೊಂಡದ್ದು ಯಾವುದು ಎಂದು ಬೇರ್ಪಡಿಸಬೇಕು. ಮೊದಲಿನದನ್ನು ಬಿಡುವಂತಿಲ್ಲ. ಎರಡನೆಯದನ್ನು ಧೈರ್ಯವಾಗಿ ಕಿತ್ತುಹಾಕಬಹುದು. ಹತ್ತು ಲಕ್ಷದ ಅನುದಾನಕ್ಕೂ ಹತ್ತು ಕೋಟಿಯ ಅನುದಾನಕ್ಕೂ ಒಂದೇ ನಮೂನೆ ಇಟ್ಟರೆ ಗೆಲ್ಲುವುದು ಇಂಗ್ಲಿಷ್ ಬಲ್ಲ, ಪಟ್ಟಣದ ಸಂಸ್ಥೆ. ತಾಂಡಾದ ಸಂಘ ಅರ್ಜಿಯ ಹಂತದಲ್ಲೇ ಸೋಲುತ್ತದೆ, ಅದು ಸೋತದ್ದು ಯಾರಿಗೂ ತಿಳಿಯುವುದೂ ಇಲ್ಲ.

ಎರಡನೆಯ ಮಾತು ಕಾಲದ್ದು. ಕಬ್ಬು, ಕಾಫಿಯ ಕೆಲಸಕ್ಕೆ ಜನ ಹೊರಡುವುದು ದೀಪಾವಳಿ ಕಳೆದ ಮೇಲೆ. ಪ್ರತಿಷ್ಠಾನಗಳ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಟ್ರಸ್ಟಿಗಳ ಸಭೆ ಡಿಸೆಂಬರಿನಲ್ಲಿ ನಡೆದು, ಒಪ್ಪಂದಕ್ಕೆ ಜನವರಿಯಲ್ಲಿ ಸಹಿ ಬಿದ್ದು, ಮೊದಲ ಕಂತು ಮಾರ್ಚ್‌ನಲ್ಲಿ ಬಂದರೆ ಕಡತದ ಪ್ರಕಾರ ಎಲ್ಲವೂ ಸರಿ. ಆದರೆ ಆ ವರ್ಷದ ಮಕ್ಕಳು ನವೆಂಬರಿನಲ್ಲೇ ಅಪ್ಪ ಅಮ್ಮನ ಜೊತೆ ಕಬ್ಬಿನ ಗದ್ದೆಗೆ ಹೋಗಿಯಾಗಿರುತ್ತದೆ. ಹಿಂದಿನ ಕಂತಿನ ಲೆಕ್ಕ, ಅಂದರೆ ಬಳಕೆ ಪ್ರಮಾಣಪತ್ರ, ಬರುವವರೆಗೆ ಮುಂದಿನ ಕಂತು ಬಿಡುವುದಿಲ್ಲ ಎಂಬ ನಿಯಮವೂ ಹೀಗೆಯೇ ಹೊಡೆತ ಕೊಡುತ್ತದೆ. ದೊಡ್ಡ ಸಂಸ್ಥೆ ಎರಡು ತಿಂಗಳು ತನ್ನ ಹಣದಲ್ಲಿ ತೂಗಿಸುತ್ತದೆ. ಸಣ್ಣ ಸಂಘದ ಕಾರ್ಯಕರ್ತೆ ಕೈಸಾಲ ಮಾಡುತ್ತಾಳೆ, ಇಲ್ಲವೇ ಕೆಲಸ ಬಿಡುತ್ತಾಳೆ. ಕಂತಿನ ದಿನಾಂಕವನ್ನು ಟ್ರಸ್ಟಿಗಳ ಅನುಕೂಲಕ್ಕಲ್ಲದೆ ಊರಿನ ಸುಗ್ಗಿಗೆ ಹೊಂದಿಸುವ ಅಧಿಕಾರ ಈ ಹುದ್ದೆಗಿದೆ. ಸಾಮಾಜಿಕ ನ್ಯಾಯ ಎಂಬ ಮಾತು ಪ್ರತಿಷ್ಠಾನದ ಗೋಡೆಯ ಮೇಲಿರುವುದಕ್ಕಿಂತ ಈ ದಿನಾಂಕಗಳಲ್ಲಿ ಇರುವುದು ಮುಖ್ಯ.

ಕಾನೂನಿನ ಭಾಗ ಒಣ ವಿಷಯ. ಆದರೂ ಅದನ್ನು ಬಿಟ್ಟು ಈ ಹುದ್ದೆ ಅರ್ಥವಾಗದು. ವಿದೇಶಿ ದೇಣಿಗೆಯನ್ನು ಎಫ್‌ಸಿಆರ್‌ಎ ಕಾಯ್ದೆ ನಿಯಂತ್ರಿಸುತ್ತದೆ. ಮೊದಲು ಬಂದದ್ದು 1976ರಲ್ಲಿ, ಈಗಿರುವುದು 2010ರ ಕಾಯ್ದೆ. 2020ರ ಸೆಪ್ಟೆಂಬರಿನ ತಿದ್ದುಪಡಿ ಮೂರು ದೊಡ್ಡ ಬದಲಾವಣೆ ತಂದಿತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮೊದಲನೆಯ ನಿರ್ಬಂಧದ ಪೆಟ್ಟು ಬಿದ್ದದ್ದು ಜಗಳೂರಿನಂಥ ಕಡೆಗೆ. ಹಿಂದೆ ಬೆಂಗಳೂರು, ಧಾರವಾಡದ ದೊಡ್ಡ ಸಂಸ್ಥೆ ವಿದೇಶಿ ಅನುದಾನ ಪಡೆದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚಬಹುದಿತ್ತು. ಆ ದಾರಿ ಮುಚ್ಚಿತು. ಆದ್ದರಿಂದ ದೇಶದೊಳಗಿನ ಪ್ರತಿಷ್ಠಾನಗಳ ಹಣಕ್ಕೆ ಈಗ ಮೊದಲಿಗಿಂತ ಹೆಚ್ಚು ತೂಕ ಬಂದಿದೆ.

ಆದಾಯ ತೆರಿಗೆಯ ನಿಯಮದಂತೆ ಧರ್ಮಾರ್ಥ ಟ್ರಸ್ಟು ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಇಲ್ಲವೇ ಕಾರಣ ತಿಳಿಸಿ ಕೂಡಿಡಬೇಕು. 2023ರ ಹಣಕಾಸು ಕಾಯ್ದೆಯ ನಂತರ ಇನ್ನೊಂದು ಟ್ರಸ್ಟಿಗೆ ಕೊಟ್ಟ ದೇಣಿಗೆಯಲ್ಲಿ ಶೇ 85ನ್ನು ಮಾತ್ರ ಬಳಕೆ ಎಂದು ಪರಿಗಣಿಸಲಾಗುತ್ತದೆ. ತಾನೇ ಕೆಲಸ ಮಾಡುವ ಬದಲು ಬೇರೆಯವರಿಗೆ ಕೊಡುವ ಪ್ರತಿಷ್ಠಾನಕ್ಕೆ ಇದು ನೇರ ಹೊರೆ. ಕಂಪನಿಗಳ ಹಣದ್ದು ಇನ್ನೊಂದು ಕಟ್ಟಳೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಂದು ಜಾರಿಗೆ ಬಂದಾಗಿನಿಂದ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಮಾರ್ಚ್ ಬಂತೆಂದರೆ ಉಳಿದ ಹಣ ಖರ್ಚು ಮಾಡುವ ಧಾವಂತ. ಇಲ್ಲಿ ತಪ್ಪು ತಿಳಿವಳಿಕೆಯೊಂದು ಬೇರೂರಿದೆ. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ ಸಂಬಂಧಿಸಿದ್ದು. ಅದನ್ನು ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯ ಬಜೆಟ್ಟಿಗೂ ಹಚ್ಚಿ, ಲೆಕ್ಕಿಗನ ಸಂಬಳ, ಕಚೇರಿ ಬಾಡಿಗೆ, ಕರೆಂಟು ಬಿಲ್ಲು ಎಲ್ಲವನ್ನೂ ಶೇ 5ರೊಳಗೆ ತುರುಕಲು ಹೇಳುವವರಿದ್ದಾರೆ. ಇದು ಕಾನೂನೂ ಅಲ್ಲ, ನ್ಯಾಯವೂ ಅಲ್ಲ.

ಕಚೇರಿ ಖರ್ಚಿನ ಪ್ರಶ್ನೆ ಈ ಹುದ್ದೆಯ ದೊಡ್ಡ ಪರೀಕ್ಷೆ. ಲೆಕ್ಕಿಗನಿಗೆ ಸಂಬಳ ಕೊಡದೆ ಅಚ್ಚುಕಟ್ಟಾದ ಲೆಕ್ಕ ಕೇಳುವುದು ಪ್ರತಿಷ್ಠಾನಗಳ ಹಳೆಯ ಚಾಳಿ. ಫೋರ್ಡ್ ಪ್ರತಿಷ್ಠಾನ 2016ರಲ್ಲಿ ‘ಬಿಲ್ಡ್’ ಎಂಬ ಕಾರ್ಯಕ್ರಮ ಹಮ್ಮಿಕೊಂಡು, ನ್ಯಾಯಕ್ಕಾಗಿ ದುಡಿಯುವ ಸಂಸ್ಥೆಗಳು ತಮ್ಮನ್ನು ತಾವು ಗಟ್ಟಿ ಮಾಡಿಕೊಳ್ಳಲೆಂದೇ 100 ಕೋಟಿ ಡಾಲರ್ ತೆಗೆದಿಟ್ಟಿತು. ಐದು ವರ್ಷದ ಭರವಸೆ, ಸಂಸ್ಥೆಯೇ ನಿರ್ಧರಿಸುವ ಬಳಕೆ ಅದರ ತಿರುಳು. ಅಷ್ಟು ದೊಡ್ಡ ಮೊತ್ತ ಎಲ್ಲರಿಗೂ ಆಗದು. ಆದರೆ ಒಂದು ವರ್ಷದ ಬದಲು ಮೂರು ವರ್ಷದ ಒಪ್ಪಂದ ಮಾಡಿಕೊಳ್ಳಲು, ಬಜೆಟ್ಟಿನಲ್ಲಿ ಲೆಕ್ಕಿಗನ ಹೆಸರಿಗೆ ಒಂದು ಸಾಲು ಸೇರಿಸಲು ಹೆಚ್ಚಿನ ಹಣ ಬೇಕಿಲ್ಲ.

ವೋಚರಿನ ವಿಷಯವನ್ನೇ ಹತ್ತಿರದಿಂದ ನೋಡಬಹುದು. ಜಗಳೂರು ಸಂತೆಯಲ್ಲಿ ಸಭೆಯ ಊಟಕ್ಕೆಂದು ತರಕಾರಿ ಕೊಂಡರೆ ಬಿಲ್ಲು ಸಿಗುವುದಿಲ್ಲ. ಹಟ್ಟಿಯಿಂದ ಆಸ್ಪತ್ರೆಗೆ ಗರ್ಭಿಣಿಯನ್ನು ಕರೆದೊಯ್ದ ಆಟೋದವನ ಹತ್ತಿರ ರಸೀದಿ ಪುಸ್ತಕ ಇರುವುದಿಲ್ಲ. ಬಿಳಿ ಹಾಳೆಯ ಮೇಲೆ ಮೊತ್ತ ಬರೆದು, ಆತನ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಫೋನ್ ನಂಬರ್ ಗುರುತಿಸಿಕೊಂಡು, ಕಾರ್ಯದರ್ಶಿ ದೃಢೀಕರಿಸಿದ ಕಾಗದವೇ ಅಲ್ಲಿನ ವೋಚರು. ಪ್ರತಿಷ್ಠಾನದ ಕೈಪಿಡಿ ಇದಕ್ಕೊಂದು ಮಿತಿ ಹಾಕಿ ಒಪ್ಪಿದರೆ ಸಂಘ ಇದ್ದದ್ದನ್ನು ಇದ್ದಂತೆ ಬರೆಯುತ್ತದೆ. ಒಪ್ಪದೆ ಮುದ್ರಿತ ಬಿಲ್ಲೇ ಬೇಕೆಂದು ಹಟ ಹಿಡಿದರೆ ಪಟ್ಟಣದ ಅಂಗಡಿಯಿಂದ ಯಾವುದೋ ಬಿಲ್ಲು ತಂದು ಅಂಟಿಸುವ ಪರಿಪಾಠ ಶುರುವಾಗುತ್ತದೆ. ಪ್ರಾಮಾಣಿಕರನ್ನು ಸುಳ್ಳು ಬರೆಯಲು ದೂಡುವ ನಿಯಮದಿಂದ ಮೋಸ ತಡೆದಂತಾಗುವುದಿಲ್ಲ. ನಿಜವಾದ ಮೋಸ ಹಿಡಿಯಲು ಬೇರೆ ದಾರಿಗಳಿವೆ: ಊರಿಗೆ ಹೋಗಿ ಜನರನ್ನೇ ಕೇಳುವುದು, ಬ್ಯಾಂಕ್ ಖಾತೆಯನ್ನು ತಾಳೆ ನೋಡುವುದು, ಸಂಘದ ಸಭೆಯಲ್ಲೇ ಲೆಕ್ಕ ಓದಿಸುವುದು.

ಸಣ್ಣ ಖರ್ಚಿನ ಇದೇ ಮಾತಿಗೆ ದೊಡ್ಡ ಪ್ರಮಾಣದ ಉದಾಹರಣೆ ಶಾಲಾ ಮಕ್ಕಳ ಮೊಟ್ಟೆ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ ಒಪ್ಪಂದ ಮಾಡಿಕೊಂಡವು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಗೆ ಪ್ರತಿಷ್ಠಾನದ ನೆರವಿನಿಂದ ಇನ್ನೂ ನಾಲ್ಕು ದಿನ ಸೇರಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, ಒಂದರಿಂದ ಹತ್ತನೇ ತರಗತಿಯವರೆಗಿನ ಸುಮಾರು 55 ಲಕ್ಷ ಮಕ್ಕಳು. ಮೊಟ್ಟೆ ತಿನ್ನದವರಿಗೆ ಆರಂಭದಲ್ಲಿ ಬಾಳೆಹಣ್ಣು ಅಥವಾ ಚಿಕ್ಕಿ ಕೊಡಲಾಯಿತು. ಸಹಿ ಬಿದ್ದದ್ದು ಬೆಂಗಳೂರಿನಲ್ಲಿ. ಮೊಟ್ಟೆ ಬೇಯುವುದು ಹೊನ್ನಾಳಿ, ಚನ್ನಗಿರಿಯ ಹಳ್ಳಿಗಳ ಶಾಲಾ ಅಡುಗೆಮನೆಯಲ್ಲಿ. ಮೊಟ್ಟೆಯೊಂದಕ್ಕೆ ಆಗ ಗೊತ್ತುಮಾಡಿದ್ದ 6 ರೂಪಾಯಿಯಲ್ಲೇ ಕೊಳ್ಳುವ ದರ, ಬೇಯಿಸುವ ಖರ್ಚು, ಸುಲಿಯುವವರ ಕೂಲಿ ಎಲ್ಲವೂ ಹೊಂದಬೇಕಿತ್ತು. ಚಳಿಗಾಲದಲ್ಲಿ ಪೇಟೆ ದರ ಏರಿದಾಗ ಮುಖ್ಯ ಶಿಕ್ಷಕರು ವ್ಯತ್ಯಾಸವನ್ನು ಕೈಯಿಂದ ಹಾಕಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಸಾವಿರ ಕೋಟಿ ಮೀರಿದ ಔದಾರ್ಯವೂ ಕೊನೆಗೆ ಐವತ್ತು ಪೈಸೆಯ ಲೆಕ್ಕದಲ್ಲಿ ತೊಡಕಿಕೊಳ್ಳುತ್ತದೆ. ಆ ಐವತ್ತು ಪೈಸೆ ಯಾರ ಜೇಬಿನಿಂದ ಹೋಗುತ್ತದೆ ಎಂದು ಮೊದಲೇ ಯೋಚಿಸಿ, ದರ ಪರಿಷ್ಕರಣೆಯ ಏರ್ಪಾಡನ್ನು ಒಪ್ಪಂದದಲ್ಲೇ ಬರೆಸುವುದು ಒಳ್ಳೆಯ ಕಾರ್ಯಾಚರಣೆಯ ಲಕ್ಷಣ.

ಆಪತ್ತಿನಲ್ಲಿ ಈ ಹುದ್ದೆಯ ಸತ್ವ ಇನ್ನೂ ಚೆನ್ನಾಗಿ ಕಾಣುತ್ತದೆ. ಕೋವಿಡ್ ಲಾಕ್‌ಡೌನ್ ಶುರುವಾದ ವಾರದೊಳಗೆ, 2020ರ ಏಪ್ರಿಲ್ 1ರಂದು, ವಿಪ್ರೊ ಕಂಪನಿಗಳು ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ ಸೇರಿ 1,125 ಕೋಟಿ ರೂಪಾಯಿ ಘೋಷಿಸಿದವು. ಅದರಲ್ಲಿ 1,000 ಕೋಟಿ ಪ್ರತಿಷ್ಠಾನದ್ದು. ಹಾಗೆ ಘೋಷಿಸಿದ ಹಣವನ್ನು ರೇಷನ್, ಔಷಧಿಯಾಗಿ ಮಾರ್ಪಡಿಸಲು ಈಗಾಗಲೇ ನಂಬಿಕೆ ಗಳಿಸಿದ ಸಹಭಾಗಿ ಸಂಸ್ಥೆಗಳ ಜಾಲ ಬೇಕು, ತಡವಿಲ್ಲದೆ ಸಹಿ ಹಾಕುವ ಅಧಿಕಾರ ಹಂಚಿಕೆ ಬೇಕು. ಆಪತ್ತು ಬಂದ ಮೇಲೆ ಇವನ್ನು ಕಟ್ಟಲಾಗದು.

ಹೆಚ್ಚು ಚರ್ಚೆಯಾಗದ ಹೊಣೆಯೊಂದು ಮಾಹಿತಿಯದು. ಗಂಡನಿಂದ ತಪ್ಪಿಸಿಕೊಂಡು ಬಂದ ಮಹಿಳೆಯ ಹೆಸರು, ಈಗಿರುವ ವಿಳಾಸ, ಆಧಾರ್ ಸಂಖ್ಯೆಯನ್ನು ಫಲಾನುಭವಿ ಪಟ್ಟಿ ಎಂದು ಎಕ್ಸೆಲ್ ಹಾಳೆಯಲ್ಲಿ ಕೇಳುವುದು ಸುಲಭ. ಆ ಹಾಳೆ ಎಷ್ಟು ಜನರ ಮೊಬೈಲಿಗೆ ಹೋಗುತ್ತದೆ ಎಂದು ಲೆಕ್ಕ ಇಡುವುದು ಕಷ್ಟ. ಚಿಕ್ಕ ಊರಿನಲ್ಲಿ ಒಂದು ಹೆಸರು ಹೊರಬಿದ್ದರೆ ಆಕೆಯ ಪ್ರಾಣಕ್ಕೇ ಸಂಚಕಾರ. ಸಂಖ್ಯೆ ಸಾಕು, ಹೆಸರು ಬೇಡ ಎನ್ನುವ ನಿಯಮ ಮಾಡಬೇಕಾದವರು ಕಾರ್ಯಾಚರಣೆ ಮುಖ್ಯಸ್ಥರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಪ್ರತಿಷ್ಠಾನದೊಳಗೂ ನ್ಯಾಯ ಇರಬೇಕಲ್ಲವೇ? ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಹೇಳುವ ಆಂತರಿಕ ಸಮಿತಿ ನಿಜವಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು, ಕಸ ಗುಡಿಸುವವರಿಗೂ ಚಾಲಕರಿಗೂ ಪಿಎಫ್, ಇಎಸ್‌ಐ ಕಟ್ಟುವುದು, ದಲಿತ, ಆದಿವಾಸಿ, ತಾಂಡಾ ಹಿನ್ನೆಲೆಯವರನ್ನು ನಿರ್ಧಾರದ ಹುದ್ದೆಗಳಿಗೆ ನೇಮಿಸುವುದೂ ಅವರ ಪಾಲಿನದೇ.

ಭಾಷೆಯ ಮಾತನ್ನೂ ಹೇಳಬೇಕು. ಅರ್ಘ್ಯಂ 2008-09ರಲ್ಲಿ ರಾಜ್ಯದ 28 ಜಿಲ್ಲೆಗಳ 172 ಗ್ರಾಮ ಪಂಚಾಯಿತಿಗಳ 17,200 ಮನೆಗಳಲ್ಲಿ ನೀರು, ನೈರ್ಮಲ್ಯದ ಸಮೀಕ್ಷೆ ನಡೆಸಿತು. ‘ಆಶ್ವಾಸ್’ ಎಂಬ ಹೆಸರಿನ ಈ ಸಮೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಗಳಿಗೇ ಮರಳಿ ಒಯ್ಯುವುದು ಅದರ ಉದ್ದೇಶವಾಗಿತ್ತು. ಮಾಹಿತಿ ಕೊಟ್ಟವರಿಗೇ ಮಾಹಿತಿ ಮರಳಬೇಕಾದರೆ ಅದು ಅವರ ಭಾಷೆಯಲ್ಲಿರಲೇಬೇಕು. ಅನುದಾನದ ಒಪ್ಪಂದ, ವರದಿಯ ನಮೂನೆ, ದೂರು ಕೊಡುವ ವಿಳಾಸ ಕನ್ನಡದಲ್ಲಿಲ್ಲದಿದ್ದರೆ ಸಂಘದವರು ತಾವು ಏನಕ್ಕೆ ಸಹಿ ಹಾಕಿದೆವು ಎಂಬುದನ್ನೇ ತಿಳಿಯರು. ಲಂಬಾಣಿ ಮನೆಮಾತಿನ ಕಾರ್ಯಕರ್ತೆ ಕನ್ನಡದಲ್ಲಿ ಹೇಳಿ ಕಳಿಸಿದ ಧ್ವನಿ ಸಂದೇಶವನ್ನು ವರದಿಯೆಂದು ಒಪ್ಪಿ, ಇಂಗ್ಲಿಷಿಗೆ ತರುವ ಖರ್ಚನ್ನು ಪ್ರತಿಷ್ಠಾನವೇ ಹೊತ್ತುಕೊಂಡರೆ ನಷ್ಟವೇನೂ ಇಲ್ಲ.

ಈ ಹುದ್ದೆಗೆ ಬರುವವರು ಸಾಮಾನ್ಯವಾಗಿ ಚಾರ್ಟರ್ಡ್ ಅಕೌಂಟೆಂಟರು, ಎಂಬಿಎ ಓದಿದವರು, ಕಂಪನಿಗಳಲ್ಲಿ ಹದಿನೈದಿಪ್ಪತ್ತು ವರ್ಷ ಆಡಳಿತ ನೋಡಿದವರು. ಅವರ ಶಿಸ್ತು ಬೇಕೇ ಬೇಕು. ಆದರೆ ಸಣ್ಣ ಸಂಘವೊಂದರ ಲೆಕ್ಕವನ್ನು ತಾವೇ ಬರೆದು, ಕಂತು ಬಾರದ ತಿಂಗಳು ಸಿಬ್ಬಂದಿಯ ಮುಖ ನೋಡಿದವರಿಗೆ ಇರುವ ತಿಳಿವಳಿಕೆ ಬೇರೆ. ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕಾದರೆ ಎರಡನೆಯವರನ್ನು ಆರಿಸುವುದೇ ಮೇಲು. ತೆರಿಗೆಯ ಸೆಕ್ಷನ್ನುಗಳನ್ನು ಕಲಿಸಬಹುದು, ಆ ತಿಳಿವಳಿಕೆಯನ್ನು ತರಬೇತಿಯಲ್ಲಿ ಕೊಡಲಾಗದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸಂಘಟನೆಗಳಿಗೆ ಒಂದು ಮಾತು. ಅನುದಾನ ಮಂಜೂರಾಯಿತು ಎಂಬ ಸಂತೋಷದಲ್ಲಿ ಒಪ್ಪಂದದ ಕೊನೆಯ ಪುಟಕ್ಕೆ ಸೀದಾ ಸಹಿ ಹಾಕಬಾರದು. ಕಂತು ಯಾವ ತಿಂಗಳು ಬರುತ್ತದೆ, ತಡವಾದರೆ ಏನು ದಾರಿ, ಲೆಕ್ಕಿಗನ ಸಂಬಳ ಮತ್ತು ಆಡಿಟ್ ಫೀಸಿಗೆ ಎಷ್ಟು ಇಟ್ಟಿದ್ದೀರಿ, ಬಿಳಿ ಹಾಳೆಯ ವೋಚರು ಎಷ್ಟು ಮೊತ್ತದವರೆಗೆ ನಡೆಯುತ್ತದೆ, ವರದಿ ಕನ್ನಡದಲ್ಲಿ ಕೊಡಬಹುದೇ ಎಂದು ಮೊದಲೇ ಬರಹದಲ್ಲಿ ಕೇಳಬೇಕು. ಕೇಳಿದ್ದಕ್ಕೆ ಅನುದಾನ ತಪ್ಪಿಸುವ ಪ್ರತಿಷ್ಠಾನ ಸಾಮಾಜಿಕ ನ್ಯಾಯದ ಹೆಸರಿಗೆ ಅರ್ಹವಲ್ಲ. ಉತ್ತರ ಕೊಡುವುದು ಅಲ್ಲಿನ ಕಾರ್ಯಾಚರಣೆ ಮುಖ್ಯಸ್ಥರ ಕರ್ತವ್ಯ.